ಎಸ್ಟಿಮೇಟ್ ಕೊಟ್ಟರೆ ಅದನ್ನೇ ಡೆಡ್‌ಲೈನ್ ಮಾಡುತ್ತಾರೆ, ಏನು ಮಾಡೋದು?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದು ಸಣ್ಣ ಸಾಫ್ಟ್‌ವೇರ್ ತಂಡ. ಮೆಕ್ಕೆಜೋಳದ ವರ್ತಕರಿಗೆ ಬಿಲ್ಲಿಂಗ್ ಆ್ಯಪ್ ಮಾಡುತ್ತಿದ್ದೇವೆ. ಎರಡು ವಾರದ ಸ್ಪ್ರಿಂಟ್ (ಕೆಲಸದ ಒಂದು ಸುತ್ತು), ಪ್ರತಿ ಕೆಲಸಕ್ಕೂ ಸ್ಟೋರಿ ಪಾಯಿಂಟ್, ಅಂದರೆ ಅದರ ಗಾತ್ರಕ್ಕೆ ಅಂದಾಜಿನ ಅಂಕ. ಮ್ಯಾನೇಜರ್ ಒಂದು ಪಾಯಿಂಟ್ ಅಂದರೆ ಒಂದು ದಿನ ಅಂತ ಹಿಡಿದು ಕ್ಲೈಂಟ್‌ಗೆ ತಾರೀಕು ಹೇಳಿಬಿಡುತ್ತಾರೆ. ತಪ್ಪಿದರೆ ಬೈಗುಳ ನಮಗೆ. ಎಸ್ಟಿಮೇಟ್ ಮಾಡೋದನ್ನೇ ಬಿಟ್ಟರೆ ಹೇಗೆ?

ಉತ್ತರ: ಪೂರ್ತಿ ಬಿಡಬೇಡಿ. ಮೊದಲು ಆ ಒಂದು ಪಾಯಿಂಟ್ ಒಂದು ದಿನದ ಲೆಕ್ಕ ಬಿಡಿಸಿ. ಒಂದು ಕೆಲಸ ಇನ್ನೊಂದಕ್ಕಿಂತ ಎಷ್ಟು ದೊಡ್ಡದು ಅನ್ನೋದಷ್ಟೇ ಪಾಯಿಂಟ್ ಹೇಳುತ್ತದೆ. ಇಲ್ಲಿಂದ ಹರಿಹರಕ್ಕೆ 2 ಅಂತ ಇಟ್ಟರೆ ಚಿತ್ರದುರ್ಗಕ್ಕೆ 8, ಬೈಕಲ್ಲಿ ಹೋದರೂ ಬಸ್ಸಲ್ಲಿ ಹೋದರೂ ಅದು ಬದಲಾಗಲ್ಲ, ಆದರೆ ಎಷ್ಟು ಹೊತ್ತು ಬೇಕು ಅನ್ನೋದು ನಿಮ್ಮ ತಂಡದ ಹಿಂದಿನ ನಾಲ್ಕಾರು ಸ್ಪ್ರಿಂಟ್‌ಗಳ ವೆಲಾಸಿಟಿ (ಒಂದೊಂದರಲ್ಲೂ ಮುಗಿಸಿದ ಪಾಯಿಂಟ್) ನೋಡಿದ ಮೇಲಷ್ಟೇ ಗೊತ್ತಾಗುವುದು.

ಎಸ್ಟಿಮೇಟ್ ಮಾಡೋದರ ಲಾಭ ಇರೋದು ಮಾತುಕತೆಯಲ್ಲಿ. ಪ್ಲಾನಿಂಗ್ ಪೋಕರ್‌ನಲ್ಲಿ, ಅಂದರೆ ಎಲ್ಲರೂ ತಮ್ಮ ಅಂದಾಜಿನ ಕಾರ್ಡ್ ಒಟ್ಟಿಗೆ ತೋರಿಸುವಾಗ, ಒಬ್ಬರು 3, ಇನ್ನೊಬ್ಬರು 13 ಕಾರ್ಡ್ ತೋರಿಸಿದರು ಅನ್ನಿ. ಸುಮ್ನೆ 8 ಅಂತ ರಾಜಿ ಆಗಬೇಡಿ. 13 ಯಾಕೆ ಅಂತ ಕೇಳಿ. ಆ್ಯಪನ್ನು ತೂಕದ ಯಂತ್ರಕ್ಕೆ ಜೋಡಿಸಬೇಕು ಅನ್ನೋದು ಅವರೊಬ್ಬರ ತಲೆಯಲ್ಲಿ ಮಾತ್ರ ಇರಬಹುದು. ಕೋಡ್ ಬರೆಯುವ ಮೊದಲೇ ಅದು ಹೊರಗೆ ಬಂತಲ್ಲ, ನಂಬರ್ ಆಮೇಲೆ ಮರೆತರೂ ನಡೆಯುತ್ತೆ.

ಪ್ರಶ್ನೆ: ಸರಿ, ಆದರೆ ಕ್ಲೈಂಟ್ ತಾರೀಕು ಕೇಳೇ ಕೇಳುತ್ತಾರಲ್ವಾ? ಸೀಸನ್ನಿಗೆ ಮೊದಲು ಬೇಕು ಅಂತಾರೆ.

ಉತ್ತರ: ಕೇಳೋದು ನ್ಯಾಯವೇ, ಅವರದ್ದೂ ವ್ಯಾಪಾರ. ಒಂದೇ ತಾರೀಕಿಗೆ ಸಿಕ್ಕಿಹಾಕಿಕೊಳ್ಳಬೇಡಿ ಅಷ್ಟೇ. ಬಾಕಿ ಕೆಲಸ 120 ಪಾಯಿಂಟ್, ನಿಮ್ಮ ತಂಡ ಒಂದು ಸ್ಪ್ರಿಂಟ್‌ಗೆ 20ರಿಂದ 30 ಮುಗಿಸುತ್ತೆ ಅಂದರೆ ನಾಲ್ಕರಿಂದ ಆರು ಸ್ಪ್ರಿಂಟ್. ಅಂದರೆ 8ರಿಂದ 12 ವಾರ ಅಂತ ಹೇಳಿ, ಪ್ರತಿ ಸ್ಪ್ರಿಂಟ್ ಆದಮೇಲೆ ಮತ್ತೆ ಲೆಕ್ಕ ಹಾಕಿ. ಮಾಲು ಬರುವ ಹೊತ್ತಿಗೆ ಏನು ಇರಲೇಬೇಕು ಅಂತ ವರ್ತಕರನ್ನೇ ಕೇಳಿ ಅದನ್ನು ಮೊದಲು ಮುಗಿಸಿ, ರಿಪೋರ್ಟಿನ ಬಣ್ಣ ಆಮೇಲೆ ನೋಡಿಕೊಂಡರಾಯಿತು. ಪಾಯಿಂಟ್ ಹಾಕೋದು ಸ್ಕ್ರಮ್ (ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿ) ನಿಯಮ ಅಂತ ಮ್ಯಾನೇಜರ್ ವಾದಿಸಿದರೆ, ಆ ಪದ್ಧತಿಯ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ತೆರೆದು ತೋರಿಸಿ. ಅದರಲ್ಲಿ ಸ್ಟೋರಿ ಪಾಯಿಂಟ್ ಅನ್ನೋ ಮಾತೇ ಇಲ್ಲ!

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಬೆಂಗಳೂರಿನ ತಂಡ 60 ಪಾಯಿಂಟ್ ಮಾಡುತ್ತೆ, ನೀವು ಬರೀ 25 ಅಂತಾರೆ.

ಉತ್ತರ: ಅವರ 5 ನಿಮ್ಮ 2 ಇರಬಹುದು. ಹೀಗೆ ಒತ್ತಡ ಹಾಕಿದರೆ ಮುಂದಿನ ಸ್ಪ್ರಿಂಟ್‌ನಿಂದ ನೀವೂ 3ರ ಕೆಲಸಕ್ಕೆ 8 ಹಾಕುತ್ತೀರಿ, ಚಾರ್ಟ್ ಏರುತ್ತೆ, ಕೆಲಸ ಅಷ್ಟೇ ಇರುತ್ತೆ. ಹೋಲಿಸಲೇಬೇಕು ಅಂದರೆ ಬಳಸುವವರ ಕೈಗೆ ಎಷ್ಟು ಫೀಚರ್ ಹೋಯಿತು, ಎಷ್ಟು ಬಗ್ ವಾಪಸ್ ಬಂತು ಅಂತ ನೋಡಲಿ.