ಅಪ್‌ಡೇಟ್: 30 ಸಾವಿರದೊಳಗೆ ಫಿಶಿಂಗ್ ಕಯಾಕ್ ಸಿಕ್ಕಿತು

ಮೈಸೂರಿನಲ್ಲಿದ್ದೀನಿ, ಮೀನು ಹಿಡಿಯೋಕೆ ಮೊದಲ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ತಗೋಬೇಕು, 30 ಸಾವಿರ ದಾಟಬಾರದು ಅಂತ ಕೇಳಿದ್ದೆನಲ್ಲ, ಕೊನೆಗೂ ತಗೊಂಡೆ. ಸೆಕೆಂಡ್ ಹ್ಯಾಂಡ್ ಸಿಟ್-ಆನ್-ಟಾಪ್ (ಒಳಗಲ್ಲ, ಮೇಲೆ ಕೂರೋ ತರದ್ದು), 10 ಅಡಿ ಉದ್ದ, 32 ಇಂಚು ಅಗಲ. "ಉದ್ದಕ್ಕಿಂತ ಅಗಲ ನೋಡು, ಹಳೇದಾದ್ರೂ ಪರವಾಗಿಲ್ಲ" ಅಂದವರ ಮಾತೇ ಕೆಲಸಕ್ಕೆ ಬಂತು. ಪಕ್ಕಕ್ಕೆ ತಿರುಗಿ ಗಾಳ ಎಸೆದರೂ ಅಲುಗಾಡಲ್ಲ.

ಗಾಳಿ ತುಂಬೋ ಕಯಾಕ್ ನನಗೆ ಆಗಿಬರಲಿಲ್ಲ. ಸ್ನೇಹಿತರದ್ದನ್ನು ಕೆಆರ್‌ಎಸ್ ಹಿನ್ನೀರಿನಲ್ಲಿ ಓಡಿಸಿ ನೋಡಿದೆ. ದಡದ ತುಂಬ ಜಾಲಿಮುಳ್ಳು, ಮಧ್ಯಾಹ್ನದ ಗಾಳಿಗೆ ನೇರ ಹೋಗೋದೇ ಇಲ್ಲ.

ಹಳೇದು ಕೊಳ್ಳೋರು ಇದೊಂದು ಮಾಡಿ: ಡ್ರೈನ್ ಪ್ಲಗ್ (ಒಳಗಿನ ನೀರು ಹೊರಬಿಡೋ ತೂತಿನ ಬಿರಡೆ) ತೆಗೆದು ಒಳಗೆ ಎರಡು ಬಕೆಟ್ ನೀರು ಸುರಿದು, ಪ್ಲಗ್ ಮತ್ತೆ ಹಾಕಿ, ಕಯಾಕನ್ನ ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಿ. ನಾನು ಮೊದಲು ನೋಡಿದ್ದ ಒಂದರಲ್ಲಿ ಸೀಟಿನ ಕೆಳಗಿನ ಸ್ಕಪ್ಪರ್ ರಂಧ್ರದ (ಮೇಲೆ ಬಿದ್ದ ನೀರು ಕೆಳಗಿಳಿಯೋ ತೂತು) ಅಂಚಿಂದ ಸಣ್ಣಗೆ ನೀರು ಜಿನುಗಿತು. ಕೂದಲೆಳೆ ಬಿರುಕು, ಬರಿಗಣ್ಣಿಗೆ ಕಾಣ್ತಿರಲಿಲ್ಲ! ಅಂಟು ಹಾಕಿದ್ರಾಯ್ತು ಅಂದುಕೊಂಡಿದ್ದೆ, ಆದರೆ ಕಯಾಕ್ ಮಾಡಿರೋ ಪಾಲಿಎಥಿಲೀನ್ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಹಿಡಿಯೋದೇ ಇಲ್ಲವಂತೆ, ಬಿಸಿ ಮಾಡಿ ವೆಲ್ಡ್ ಮಾಡಬೇಕು. ಅದನ್ನ ಬಿಟ್ಟೆ.

ಫಿಶ್ ಫೈಂಡರ್ (ನೀರೊಳಗೆ ಮೀನು ಎಲ್ಲಿದೆ ಅಂತ ತೋರಿಸೋ ಸಾಧನ) ತಗೋ ಅನ್ನೋ ಸಲಹೆ ಸದ್ಯಕ್ಕೆ ಪಕ್ಕಕ್ಕಿಟ್ಟೆ, ಆ ದುಡ್ಡಲ್ಲಿ ಒಳ್ಳೆ ಲೈಫ್ ಜಾಕೆಟ್ ಬಂತು. ಇನ್ನು ತೂಕದ ಮಿತಿ: ಕಂಪನಿ ಹೇಳೋದರಲ್ಲಿ ಮುಕ್ಕಾಲು ಭಾಗ ಮಾತ್ರ ಲೆಕ್ಕಕ್ಕೆ ಹಿಡೀರಿ, ಅದರಲ್ಲೇ ನೀವು, ಸಾಮಾನು, ಮೀನು ಎಲ್ಲ ಸೇರಬೇಕು. ನೀರಿಗಿಳಿಸೋ ಮೊದಲು ಆ ಜಾಗಕ್ಕೆ ಅನುಮತಿ ಬೇಕಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ರಂಗನತಿಟ್ಟು ಪಕ್ಷಿಧಾಮ, ಆ ಕಡೆ ಗಾಳ ಹಿಡಿದು ಹೋಗಲೇಬೇಡಿ.