ಗಡ್ಡೆ ತೆಗೆದಮೇಲೆ ಅಪ್ಪನ ಬಾಯಲ್ಲಿ ತೊಗರಿ ‘ತೊರಗಿ’ ಆಗಿದೆ

ಪ್ರಶ್ನೆ (ಆಳಂದದಿಂದ):
ನಮಸ್ಕಾರ ಮೇಡಮ್. ಅಪ್ಪನಿಗೆ 58 ವರ್ಷ, ತೊಗರಿ ವ್ಯಾಪಾರ. ಮಿದುಳಿನ ಎಡಗಡೆ ಗಡ್ಡೆ ಇತ್ತು. ಐದು ವಾರದ ಹಿಂದೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಮಾತಿನ ಜಾಗ ಮುಟ್ಟಿಲ್ಲ ಎಂದರು ಡಾಕ್ಟರು. ಆದರೂ ಅಪ್ಪ ತೊಗರಿಗೆ ‘ತೊರಗಿ’, ‘ಗೊರತಿ’ ಅನ್ನುತ್ತಾರೆ. ತಪ್ಪಾಯಿತು ಅಂತ ಅವರಿಗೇ ಗೊತ್ತಾಗಿ ಸುಮ್ಮನಾಗುತ್ತಾರೆ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ಬೆಳಿಗ್ಗೆ ಪೂಜೆಗೆ ಕುಂತಾಗ ವಚನ ಮಾತ್ರ ಸರಾಗವಾಗಿ ಬರುತ್ತದೆ. ‘ವಚನ ಬರ್ತದ, ಮಗಳ ಹೆಸರು ಬರಲ್ಲೇನು?’ ಅಂತ ಮನೆಗೆ ಬಂದವರು ಕೇಳುತ್ತಾರೆ. ಅವ್ವ ಅಳುತ್ತಾಳೆ. ಮಾತು ವಾಪಸ್ ಬರುತ್ತದಾ?

ಉತ್ತರ (ಸ್ಪೀಚ್ ಥೆರಪಿಸ್ಟ್, ಕಲಬುರಗಿ):
ತಂಗಿ, ಮೊದಲು ನಿಮ್ಮ ಅವ್ವನಿಗೆ ಇದನ್ನು ಓದಿ ಹೇಳಿ. ಅಪ್ಪ ನಾಟಕ ಮಾಡುತ್ತಿಲ್ಲ. ಸಾವಿರ ಸಲ ಹೇಳಿದ ವಚನ, ಒಂದರಿಂದ ಹತ್ತು ಎಣಿಸೋದು, ಇವು ರೂಢಿಯಿಂದ ತಾವೇ ಹರಿದು ಬರುತ್ತವೆ. ಮಗಳ ಹೆಸರನ್ನು ಬೇಕೆಂದಾಗ ಹುಡುಕಿ ತೆಗೆಯಬೇಕು. ಅದು ಬೇರೆಯೇ ಕೆಲಸ.

ಇನ್ನು ಮಾತಿನ ಜಾಗದ ವಿಷಯ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರು, ‘ಟಾನ್’ ಎನ್ನುವುದು ಬಿಟ್ಟು ಹೆಚ್ಚೇನೂ ಹೇಳಲಾಗದ ರೋಗಿಯೊಬ್ಬನ ಮಿದುಳನ್ನು ಅವನು ಸತ್ತಮೇಲೆ ನೋಡಿದರು. ಎಡ ಹಣೆಯ ಹಿಂದಿನ ಭಾಗ ಕೆಟ್ಟಿತ್ತು. ‘ಮಾತಿನ ಜಾಗ’ ಅನ್ನೋ ಮಾತು ಅಲ್ಲಿಂದ ಬಂತು. ಆದರೆ ಬ್ರೋಕಾ ಆ ಮಿದುಳನ್ನು ಕೊಯ್ದು ನೋಡಿರಲಿಲ್ಲ. ಕಾಪಾಡಿಟ್ಟ ಅದೇ ಮಿದುಳಿನ ಎಂಆರ್‌ಐ ವರದಿ 2007ರಲ್ಲಿ ಬಂತು. ಒಳಗಿನ ಬಿಳಿ ಭಾಗವೂ ಹಾಳಾಗಿದ್ದು ಆಗ ಕಂಡಿತು. ಅಂದರೆ ‘ಮಾತಿನ ಜಾಗ’ ಮುಟ್ಟದಿದ್ದರೂ ಈ ಒಳಭಾಗಕ್ಕೆ ಪೆಟ್ಟಾದರೆ ಮಾತು ತಪ್ಪಬಹುದು.

ಈ ಬಿಳಿ ಭಾಗ ಅಂದರೆ ಮಿದುಳಿನ ಒಂದು ಜಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ನರದ ತಂತಿಗಳು. ತಂತಿಗಳ ಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ, ಅದಕ್ಕೇ ಬಿಳಿ. ಮಾತಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೇಲಿನದು ಬಿಲ್ಲಿನ ಹಾಗೆ ಬಾಗಿದೆ, ಹೆಸರು ಆರ್ಕ್ಯುಯೇಟ್. ಅದು ಸದ್ದುಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಲು ಬೇಕು. ಕೆಳಗಿನ ದಾರಿ ಅರ್ಥದ್ದು. ಕೆಳಗಿನದಕ್ಕೆ ಪೆಟ್ಟಾದರೆ ತೊಗರಿ ನೋಡಿ ‘ಕಡಲೆ’ ಅನ್ನಬಹುದು. ನಿಮ್ಮ ಅಪ್ಪ ‘ತೊರಗಿ’ ಅನ್ನುತ್ತಾರೆ. ತೊಗರಿ ಅವರ ತಲೆಯಲ್ಲಿದೆ, ಅಕ್ಷರಗಳೂ ಇವೆ, ಸಾಲು ತಪ್ಪುತ್ತಿದೆ. ನೀವು ಬರೆದಿದ್ದು ಓದಿದರೆ ಮೇಲಿನ ದಾರಿಯ ತೊಂದರೆ ಅನ್ನಿಸುತ್ತದೆ. ಪರೀಕ್ಷೆ ಮಾಡಿಯೇ ಖಚಿತ ಹೇಳಬೇಕು.

ವಾಪಸ್ ಬರುತ್ತದಾ ಅಂದರೆ, ಐದು ವಾರಕ್ಕೆ ಆಸೆ ಬಿಡಬೇಡಿ. ಆಪರೇಷನ್ನಿನ ಬಾವು ತಂತಿಗಳನ್ನು ಒತ್ತಿರಬಹುದು. ಬಾವು ಇಳಿದಂತೆ ಮಾತು ಸುಧಾರಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಜಾಸ್ತಿ ಸುಧಾರಣೆ ಕಾಣುತ್ತದೆ, ಆಮೇಲೂ ನಿಧಾನಕ್ಕೆ ನಡೆಯುತ್ತದೆ. ಆದರೆ ಸುಳ್ಳು ಧೈರ್ಯ ಹೇಳಲಾರೆ. ಮಿದುಳಿನ ಮೇಲ್ಪದರದ ಕೆಲಸವನ್ನು ಪಕ್ಕದ ಭಾಗ ವಹಿಸಿಕೊಳ್ಳುವುದುಂಟು. ಆಳದ ತಂತಿಯೇ ಕಡಿದಿದ್ದರೆ ಅದರ ಬದಲಿ ಸಿಗೋದು ಕಷ್ಟ. ಬರೀ ಒತ್ತಿದೆಯಾ, ಕಡಿದಿದೆಯಾ ಎಂದು ಸರ್ಜನ್ ಹತ್ತಿರ ಕೇಳಿ. ಗಡ್ಡೆ ಯಾವ ಜಾತಿಯದು ಎನ್ನುವುದರ ಮೇಲೂ ಮುಂದಿನದು ನಿಂತಿದೆ.

ಕೇಳಿದವರು:
ಆಪರೇಷನ್ ನಡುವೆ ಅಪ್ಪನನ್ನು ಎಚ್ಚರ ಮಾಡಿ ಚಿತ್ರ ತೋರಿಸಿ ಹೆಸರು ಕೇಳಿದರಂತೆ. ಎಲ್ಲ ಹಿಂದಿಯಲ್ಲಿ. ಮನೆಯಲ್ಲಿ ನಾವು ಕನ್ನಡದವರು. ಈಗ ಒಂದೇ ಭಾಷೆ ಮಾತಾಡಿಸಿ ಅಂತ ಕಾಕಾ ಹೇಳುತ್ತಾರೆ.

ಉತ್ತರ:
ಎಚ್ಚರ ಮಾಡಿದ್ದು ಒಳ್ಳೆಯದಕ್ಕೇ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ಒಂದು ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಹೆಸರು ತಡವರಿಸಿದರೆ, ಸರ್ಜನ್ ಆ ಜಾಗ ಬಿಟ್ಟು ಮುಂದೆ ಹೋಗುತ್ತಾರೆ. ಆದರೆ ಎರಡು ಭಾಷೆ ಆಡುವವರಲ್ಲಿ ಕೆಲವು ಜಾಗ ಒಂದೇ ಭಾಷೆಗೆ ಸಂಬಂಧಪಟ್ಟಿರುವುದುಂಟು. ಇದನ್ನು ಓದುವವರಲ್ಲಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಇಂಥ ಆಪರೇಷನ್ನಿಗೆ ಹೊರಟವರಿದ್ದರೆ ಕೈಮುಗಿದು ಹೇಳುತ್ತೇನೆ. ‘ನಮ್ಮವರ ಮನೆಮಾತು ಕನ್ನಡ, ಕನ್ನಡದಲ್ಲೂ ಪರೀಕ್ಷೆ ಮಾಡಿ’ ಎಂದು ಮೊದಲೇ ಕೇಳಿ. ಚಿತ್ರಗಳ ಕನ್ನಡ ಹೆಸರು ಬರೆದುಕೊಡಿ.

ಕಾಕಾ ಅವರ ಮಾತು ಈ ಒಂದರಲ್ಲಿ ಬೇಡ. ಕನ್ನಡ ಬಂದರೆ ಕನ್ನಡ, ಹಿಂದಿ ಬಂದರೆ ಹಿಂದಿ. ಬಂದ ಮಾತಿಗೆ ಉತ್ತರ ಕೊಡಿ.

ಬಂದವರ ಮುಂದೆ ‘ಇದೇನು ಹೇಳಪ್ಪ’ ಅಂತ ಪರೀಕ್ಷೆ ಇಡಬೇಡಿ. ‘ತೊಗರಿ ಬೇಳೆ ಬೇಕಾ, ಹೆಸರು ಬೇಳೆ ಬೇಕಾ?’ ಎಂದು ಕೇಳಿ ಕಾಯಿರಿ. ಬಾರದಿದ್ದರೆ ‘ತೊ...’ ಅನ್ನಿ. ದಿನಕ್ಕೆ ಎರಡು ಸಲ, 15-20 ನಿಮಿಷ ಸಾಕು. ಪ್ರತಿ ಸಲ 40 ಕಿಲೋಮೀಟರ್ ಬರೋದು ಬೇಡ, ಒಮ್ಮೆ ಬಂದು ತೋರಿಸಿ, ಆಮೇಲೆ ವೀಡಿಯೊ ಕಾಲ್‌ನಲ್ಲೂ ಥೆರಪಿ ನಡೆಯುತ್ತದೆ.

ಹುಮನಾಬಾದಿನಿಂದ ಒಬ್ಬರು:
ನಮ್ಮ ಭಾವನಿಗೆ ಹಣೆ ಕಡೆ ಗಡ್ಡೆ. ಆಪರೇಷನ್ ಆಗಿ ಹತ್ತು ದಿನ ಒಂದು ಮಾತೂ ಆಡಲಿಲ್ಲ. ಆಮೇಲೆ ತಾವೇ ಶುರು ಮಾಡಿದರು!

ಉತ್ತರ:
ಹಣೆಯ ಒಳಭಾಗದಲ್ಲಿ ಮಾತು ಶುರು ಮಾಡಿಸುವ ಒಂದು ಪ್ರದೇಶವಿದೆ. ಅಲ್ಲಿ ಆಪರೇಷನ್ ಆದರೆ ಹೀಗೆ ಮೂಕರಾಗುವುದುಂಟು. ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಮಾತು ಮರಳುತ್ತದೆ. ಆಳಂದದ ತಂಗಿಯ ಅಪ್ಪನದು ಬೇರೆ, ಎರಡನ್ನೂ ಹೋಲಿಸಬೇಡಿ.

ಕೇಳಿದವರು:
ಮುಂದಿನ ವಾರ ರೇಡಿಯೇಷನ್ ಶುರು. ಅಂಗಡಿಗೆ ಕರೆದುಕೊಂಡು ಹೋಗಬಹುದಾ? ಬಹಳ ಹಟ ಮಾಡುತ್ತಾರೆ.

ಉತ್ತರ:
ರೇಡಿಯೇಷನ್ ದಿನಗಳಲ್ಲಿ ಆಯಾಸ ಇರುತ್ತದೆ, ಸಂಜೆಗೆ ಮಾತು ಇನ್ನಷ್ಟು ತಪ್ಪಬಹುದು. ಗಾಬರಿ ಬೇಡ. ಆದರೆ ಸುಧಾರಿಸಿದ ಮಾತು ಮತ್ತೆ ಕೆಟ್ಟರೆ, ಫಿಟ್ಸ್ ಬಂದರೆ, ಇದ್ದಕ್ಕಿದ್ದಂತೆ ಕೆಲವು ನಿಮಿಷ ಮಾತು ನಿಂತರೆ, ತಲೆನೋವಿನ ಜೊತೆ ವಾಂತಿಯಾದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಾವಿನ ಮಾತ್ರೆ, ಫಿಟ್ಸ್ ಮಾತ್ರೆ ನೀವೇ ನಿಲ್ಲಿಸಬೇಡಿ.

ನಿಮ್ಮ ಡಾಕ್ಟರು ಹೂಂ ಅಂದರೆ ಅಂಗಡಿಗೆ ಕರೆದುಕೊಂಡು ಹೋಗಿ. ಗಿರಾಕಿ ಕಡಿಮೆ ಇರುವ ಹೊತ್ತು, ಬೆಳಿಗ್ಗೆ, ಒಂದು ತಾಸು. ಜೊತೆಗೆ ಒಬ್ಬರಿರಿ. ಫೋನ್ ವ್ಯವಹಾರ ಸದ್ಯ ಬೇಡ, ಮುಖ ಕಾಣದೆ ಮಾತು ಹುಡುಕೋದು ಅವರಿಗೆ ಬಹಳ ಕಷ್ಟ. ಕೈಯಲ್ಲಿ ತೊಗರಿ ಕಾಳು ಹಿಡಿಯಲಿ, ಹಳೆಯ ಗಿರಾಕಿ ಎದುರಿಗೆ ಕುಂತಿರಲಿ. ಹೆಸರು ತಡವಾದರೆ ಸ್ವಲ್ಪ ಕಾಯಬೇಕೆಂದು ಗಿರಾಕಿಗೆ ಮೊದಲೇ ಹೇಳಿಡಿ.