‘ರಿವರ್ಸಿಬಲ್’ ಅಂದರೆ ‘ತಾತ್ಕಾಲಿಕ’ವಾ?

ಎಲ್ಲರಿಗೂ ನಮಸ್ಕಾರ.

ಬನಹಟ್ಟಿಯ ಮಗ್ಗದ ಕೆಲಸಗಾರರಿಗಾಗಿ ಕುಟುಂಬ ಯೋಜನೆಯ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಂಡೋಮ್, ಆಪರೇಷನ್‌ವರೆಗೆ ಸಲೀಸಾಗಿ ಸಾಗಿತು. ಕೊನೆಗೆ, ಗಂಡಸರಿಗಾಗಿ ಇನ್ನೂ ಪ್ರಯೋಗದಲ್ಲಿರುವ ಹಾರ್ಮೋನು ವಿಧಾನಗಳ ಬಗ್ಗೆ ನಾಲ್ಕು ಸಾಲು ಇವೆ. ಅಲ್ಲಿ ಸಿಕ್ಕಿಬಿದ್ದೆ.

ಮೊದಲು ‘ಪುರುಷ ಗರ್ಭನಿರೋಧಕ’. ಓದಿ ಹೇಳಿದರೆ ನಮ್ಮ ಕಾಕಾ ನಕ್ಕುಬಿಟ್ಟರು: ‘ಗಂಡಸಿಗೆ ಎಲ್ಲಿ ಗರ್ಭ ನಿಲ್ತೈತೋ ತಮ್ಮಾ?’ ತಡೆಯುವುದು ಹೆಂಡತಿಯ ಬಸಿರನ್ನೇ, ಹಾಗಾಗಿ ಪದ ತಪ್ಪಲ್ಲ. ಆದರೂ ಕಿವಿಗೆ ಒಗ್ಗುವುದಿಲ್ಲ.

‘ವೀರ್ಯನಿರೋಧಕ’ ಅನ್ನಿ ಅಂದರು ಗೆಳೆಯರೊಬ್ಬರು. ಅದು ಬೇಡವೇ ಬೇಡ. ವೀರ್ಯ ಅಂದರೆ ಪರಾಕ್ರಮವೂ ಹೌದಲ್ವಾ, ಅದನ್ನು ತಡೆಯುವ ಔಷಧ ಯಾವ ಗಂಡಸು ಮುಟ್ಟುತ್ತಾನೆ? ಸಂಗತಿಯೂ ತಪ್ಪು. ವೀರ್ಯ ಎಂದಿನಂತೆ ಬರುತ್ತದೆ, ಅದರಲ್ಲಿ ವೀರ್ಯಾಣು ಮಾತ್ರ ಇರುವುದಿಲ್ಲ, ಇಲ್ಲವೇ ತೀರಾ ಕಡಿಮೆ ಇರುತ್ತವೆ. ಮಿಲಿಲೀಟರಿಗೆ 10 ಲಕ್ಷಕ್ಕಿಂತ ಕೆಳಗಿಳಿದರೆ ಸಾಕು ಅನ್ನುವುದು ಪ್ರಯೋಗಗಳಲ್ಲಿ ಬಳಸುವ ಅಳತೆ.

ನನ್ನ ನಿಜವಾದ ತಕರಾರು ‘ರಿವರ್ಸಿಬಲ್’ ಬಗ್ಗೆ, ಅಂದರೆ ಔಷಧ ಬಿಟ್ಟರೆ ವೀರ್ಯಾಣು ಮತ್ತೆ ಮೊದಲಿನಂತೆ ಆಗುತ್ತವೆ ಅನ್ನುವುದನ್ನು ಹೇಳುವ ಪದ. ‘ತಾತ್ಕಾಲಿಕ’ ಅಂದರೆ ಇವತ್ತು ಬಿಟ್ಟರೆ ನಾಳೆ ಸರಿಹೋಗುತ್ತದೆ ಅನ್ನಿಸುತ್ತದೆ. ಹಾಗಿಲ್ಲ. ಹೊರಗಿನಿಂದ ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಹಾರ್ಮೋನು) ಕೊಟ್ಟರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಸಾಕಷ್ಟಿದೆ ಅಂದುಕೊಂಡು ವೃಷಣಕ್ಕೆ ವೀರ್ಯಾಣು ತಯಾರಿಸುವ ಆರ್ಡರ್ ಕಳಿಸುವುದನ್ನೇ ನಿಲ್ಲಿಸುತ್ತದೆ. ದಿನಾ ಭುಜಕ್ಕೆ ಹಚ್ಚುವ ನೆಸ್ಟೊರೋನ್ (ಇನ್ನೊಂದು ಕೃತಕ ಹಾರ್ಮೋನು)–ಟೆಸ್ಟೋಸ್ಟೆರಾನ್ ಜೆಲ್‌ನ ದಾರಿಯೂ ಇದೇ. ಆದರೆ ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳ ಮೇಲೆ ಬೇಕು. ಹಾಗಾಗಿ ನಿಲ್ಲುವುದಕ್ಕೂ ತಿಂಗಳುಗಟ್ಟಲೆ, ಮರಳುವುದಕ್ಕೂ ತಿಂಗಳುಗಟ್ಟಲೆ.

‘ಹಿಮ್ಮುಖಗೊಳಿಸಬಹುದಾದ’ ಅಂದರೆ ಲಾರಿ ರಿವರ್ಸ್ ತೆಗೆದ ಹಾಗಿದೆ. ‘ಮರುಕಳಿಸುವ’ ಅಂದರೆ ಜ್ವರ ನೆನಪಾಗುತ್ತದೆ.

ಕರಡನ್ನು ನೇಕಾರರೊಬ್ಬರಿಗೆ ಓದಿ ಹೇಳಿದೆ. ‘ಹೋರಿ ಬೀಜ ಒಡಿಸಿದಂಗ ಏನ್ರಿ ಇದು?’ ಅಂದರು. ಅಲ್ಲ ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಹಂಗಾರ ಮಗ್ಗ ಬಂದ್ ಇಟ್ಟಂಗ. ಕಿತ್ತ ಹಾಕಿಲ್ಲ. ಮತ್ತ ಸುರು ಮಾಡಾಕ ಟೈಮ್ ಹಿಡಿತೈತಿ, ಅಷ್ಟ’ ಅಂದರು. ಅವರ ಮಾತನ್ನು ಹಾಗೇ ಕರಪತ್ರಕ್ಕೆ ಹಾಕಿಕೊಂಡಿದ್ದೇನೆ.

ತಲೆಬರಹಕ್ಕೆ ಮಾತ್ರ ಚಿಕ್ಕ ಪದ ಬೇಕು. ಸದ್ಯಕ್ಕೆ ‘ಬಿಟ್ಟರೆ ಮರಳುವ ವೀರ್ಯಾಣು ತಡೆ’ ಅಂತ ಬರೆದಿಟ್ಟಿದ್ದೇನೆ, ಉದ್ದ ಜಾಸ್ತಿ ಆಯಿತು. ವಿಜಯಪುರ, ಬೆಳಗಾವಿ ಕಡೆಯವರು ಇಂಥದಕ್ಕೆ ಏನಾದರೂ ಅನ್ನುತ್ತೀರಾ?